ತಂಗಡಿಗೆ ನೀರು ಹಾಕಿದವನು

ನರ್ಸರಿ ಕೆಲಸಕ್ಕೆ ಹೊಸದಾಗಿ ಸೇರಿದವರ ಕೈಗೆ ಮೊದಲ ದಿನ ಕೊಡುವುದು ನೀರಿನ ಪೈಪು. ನನಗೂ ಅದನ್ನೇ ಕೊಟ್ಟಿದ್ದರು. ಪೈಪು ಹಿಡಿದು ನಿಂತ ಮನುಷ್ಯನಿಗೆ ತಾನೇ ಮಳೆರಾಯ ಎನ್ನುವ ಭ್ರಮೆ ಬಹಳ ಬೇಗ ಬರುತ್ತದೆ. ಎದುರಿಗೆ ಸಾಲುಸಾಲು ಸಸಿಗಳು. ಯಾವುದು ಬದುಕಬೇಕು, ಯಾವುದು ಸಾಯಬೇಕು ಎಂಬುದು ನಮ್ಮ ಹೆಬ್ಬೆರಳಿನ ಕೆಳಗೆ. ಆ ಭ್ರಮೆ ಇಳಿಯಲು ನನಗೆ ಎರಡು ವರ್ಷ ಬೇಕಾಯಿತು. ಇಳಿಸಿದ್ದು ಯಾವ ಮೇಲಧಿಕಾರಿಯೂ ಅಲ್ಲ, ಒಂದು ತಂಗಡಿ ಗಿಡ.

ತಂಗಡಿ ಗೊತ್ತಿಲ್ಲದವರು ನಮ್ಮ ಸೀಮೆಯಲ್ಲಿ ಯಾರೂ ಇಲ್ಲ. ಅದನ್ನು ಒಂದು ಗಿಡ ಎಂದು ಗಣನೆಗೆ ತೆಗೆದುಕೊಂಡವರೂ ಕಡಿಮೆ. ಯಾದಗಿರಿಯಿಂದ ಶಹಾಪುರಕ್ಕೆ, ಅಲ್ಲಿಂದ ಸುರಪುರಕ್ಕೆ ಬಸ್ಸಿನಲ್ಲಿ ಹೋಗುವಾಗ ಕಲ್ಲುಗುಡ್ಡಗಳ ಬುಡದಲ್ಲಿ, ಗರಸು ಎಂಬ ಕಲ್ಲುಹರಳಿನ ಮಣ್ಣಿನ ದಿನ್ನೆಗಳ ಮೇಲೆ, ಬೇರೇನೂ ಬೆಳೆಯದ ಜಾಗದಲ್ಲಿ ಎದೆಮಟ್ಟದ ಪೊದೆಗಳು ಹಳದಿ ಹೂವಿನ ಗೊಂಚಲು ಹೊತ್ತು ನಿಂತಿರುತ್ತವೆ. ಅದೇ ತಂಗಡಿ. ದಕ್ಷಿಣದವರು ಆವರಿಕೆ ಎನ್ನುತ್ತಾರೆ. ಅದರ ಕಡ್ಡಿಯಿಂದ ಹಲ್ಲುಜ್ಜುತ್ತೇವೆ, ಬಿರುಬಿಸಿಲಿಗೆ ಅದರ ಸೊಪ್ಪನ್ನು ನೆತ್ತಿಯ ಮೇಲಿಟ್ಟು ರುಮಾಲು ಸುತ್ತುತ್ತೇವೆ. ಆಮೇಲೆ ಮರೆತುಬಿಡುತ್ತೇವೆ.

ನನ್ನ ಬಡ್ತಿ, ವರ್ಗಾವಣೆಗಳ ಸುದ್ದಿ ಇಲ್ಲಿ ಬರೆಯುವುದಿಲ್ಲ. ಅವು ಸೇವಾ ಪುಸ್ತಕದಲ್ಲಿ ಚೆನ್ನಾಗಿಯೇ ಇವೆ. ಈ ಕೆಲಸಕ್ಕೆ ಈಗ ಬರುತ್ತಿರುವ ಹುಡುಗ ಹುಡುಗಿಯರಿಗೆ ಉಪಯೋಗವಾಗುವುದು ನಾನು ಮಾಡಿದ ತಪ್ಪುಗಳು. ಅವು ಧಾರಾಳವಾಗಿವೆ.

ನಮ್ಮ ನರ್ಸರಿ ಇದ್ದದ್ದು ಶಹಾಪುರದಿಂದ ಶಿರವಾಳದ ಕಡೆ ಹೋಗುವ ದಾರಿಯಲ್ಲಿ, ಕಾಲುವೆಗೆ ಹತ್ತಿರ. ನಾನು ಅಲ್ಲಿಗೆ ಕಾವಲುಗಾರನಾಗಿ ಸೇರಿದಾಗ ಬೇಲಿಯೂ ಪೂರ್ತಿ ಇರಲಿಲ್ಲ. ಆದರೆ ನಾಗಮ್ಮ ಇದ್ದಳು. ಮಣ್ಣು, ಮರಳು, ಗೊಬ್ಬರ ಬೆರೆಸಿ ಪ್ಲಾಸ್ಟಿಕ್ ಪಾಕೀಟಿಗೆ ತುಂಬುವ ಹತ್ತು ಹೆಂಗಸರಿಗೆ ಅವಳೇ ಮುಂದಾಳು. ಶಾಲೆಯ ಮುಖ ನೋಡಿದವಳಲ್ಲ. ಒಂದು ಹಿಡಿ ಮಣ್ಣನ್ನು ಅಂಗೈಯಲ್ಲಿ ಹಿಸುಕಿ, ಬಿಟ್ಟು, ಅದು ಹೇಗೆ ಒಡೆಯಿತು ಎಂಬುದನ್ನು ನೋಡಿ ಇದರಲ್ಲಿ ಬೇವು ಬರುತ್ತದೆ, ಹುಣಸೆ ಬರುವುದಿಲ್ಲ ಎಂದು ಹೇಳುತ್ತಿದ್ದಳು. ನಾನು ಅವಳನ್ನು ಅಕ್ಕ ಎಂದು ಕರೆಯುತ್ತಿದ್ದೆ. ಅವಳು ನನ್ನನ್ನು ಕಡೆಯವರೆಗೂ ತಮ್ಮ ಎಂದೇ ಕರೆದಳು. ನಾನು ಮೇಲಿನ ಹುದ್ದೆಗೆ ಹೋದ ಮೇಲೂ ಅಷ್ಟೆ.

ನಾನು ಸೇರಿದ ಕೆಲವು ತಿಂಗಳಿಗೆ ಹೊಸ ರೇಂಜ್ ಅಧಿಕಾರಿ ಬಂದರು. ಶಿವಸ್ವಾಮಿ ಎಂದು ಹೆಸರು, ಮಂಡ್ಯ ಕಡೆಯವರು. ಕೆಲಸದಲ್ಲಿ ಬಿಗಿ, ಮಾತಿನಲ್ಲಿ ಮೆದು. ನಮ್ಮ ಮಾತು ಅವರಿಗೆ ಜಗಳದ ಹಾಗೆ ಕೇಳುತ್ತಿತ್ತು, ಅವರ ಮಾತು ನಮಗೆ ನಾಟಕದ ಹಾಗೆ. ಬಂದ ಮೊದಲ ವಾರವೇ ಅವರು ಕೊಂಕಲ್ ಕಡೆಯ ಒಂದು ಮರಡಿಯ ಫೈಲು ಹಿಡಿದು ನರ್ಸರಿಗೆ ಬಂದರು.

"ಮಹಬೂಬ್, ಮರಡಿ ಅಂದ್ರೆ ಏನ್ರೀ? ಗುಡ್ಡಾನಾ?"

ನಾನು ಬಾಯಿ ತೆರೆಯುವ ಮೊದಲೇ ನಾಗಮ್ಮ ಹೇಳಿದಳು. "ಗುಡ್ಡಕ್ಕ ಸಣ್ಣದು, ದಿಬ್ಬಕ್ಕ ದೊಡ್ಡದ್ರಿ ಸಾಹೇಬ್ರ. ನೀವೇನ್ ಚಿಂತಿ ಮಾಡಬ್ಯಾಡ್ರಿ. ಈ ಸಲ ಆ ಮರಡಿಗಿ ಪೂರಾ ಹಚ್ಚಿಬಿಡ್ತೀವ್ರಿ."

ಶಿವಸ್ವಾಮಿಯವರ ಮುಖ ಬಿಳಿಚಿಕೊಂಡಿತು. "ಹಚ್ಚೋದಾ? ಇಲಾಖೆಯವರೇ ಬೆಂಕಿ ಹಚ್ತೀರಾ?"

"ಬೆಂಕಿ ಯಾಕ್ರಿ? ಗಿಡ ಹಚ್ತೀವ್ರಿ."

ನಮ್ಮ ಕಡೆ ಹಚ್ಚುವುದು ಎಂದರೆ ನೆಡುವುದು ಎಂದು ನಾನು ಬಿಡಿಸಿ ಹೇಳಿದ ಮೇಲೆ ಅವರು ಬಹಳ ಹೊತ್ತು ನಕ್ಕರು. ಸಾಹೇಬರು ನಗುವ ಜಾತಿಯವರು ಎಂದು ನಾಗಮ್ಮನಿಗೆ ಅಂದೇ ಧೈರ್ಯ ಬಂತು.

ಮರಡಿಯ ವಿಷಯ ಮಾತ್ರ ನಗುವಂಥದ್ದಾಗಿರಲಿಲ್ಲ. ಹಿಂದೆ ಯಾವಾಗಲೋ ರಸ್ತೆಗೆಂದು ಅದರ ಮೈಯಿಂದ ಗರಸು ಅಗೆದು ಒಯ್ದಿದ್ದರು. ಇದ್ದ ಪೊದೆಗಳೂ ಅದರ ಜೊತೆ ಹೋಗಿದ್ದವು. ಬೋಳು ಇಳಿಜಾರಿನ ಬುಡದಲ್ಲಿ ಹತ್ತು ಹನ್ನೆರಡು ಮನೆಗಳು, ಒಂದು ಅಂಗನವಾಡಿ. ದೊಡ್ಡ ಮಳೆ ಬಂದಾಗಲೆಲ್ಲ ಗರಸು, ಕಲ್ಲು, ಕೆಂಪು ರಾಡಿ ಇಳಿದು ಮನೆಗಳ ಹಿಂದಿನ ಗೋಡೆಗೆ ಒತ್ತುತ್ತಿತ್ತು. ಅಂಗನವಾಡಿಯ ಗೋಡೆ ಆಗಲೇ ಬಿರುಕು ಬಿಟ್ಟಿತ್ತು. ಇನ್ನೊಂದು ಸಲ ಹೀಗಾದರೆ ಅಂಗನವಾಡಿಯನ್ನು ಪಕ್ಕದ ಊರಿಗೆ ಒಯ್ಯುತ್ತೇವೆ ಎಂದು ಅಧಿಕಾರಿಗಳು ಹೇಳಿ ಹೋಗಿದ್ದರು. ಪಕ್ಕದ ಊರಿಗೆ ಮೂರು ವರ್ಷದ ಮಕ್ಕಳು ನಡೆದು ಹೋಗುವ ಮಾತೇ ಇರಲಿಲ್ಲ. ಬೇವು, ಹೊಂಗೆ ಎರಡೆರಡು ಸಲ ನೆಟ್ಟು ನೋಡಿದ್ದಾಗಿತ್ತು. ಮಳೆಗಾಲ ಮುಗಿದ ಎರಡೇ ತಿಂಗಳಲ್ಲಿ ಎಲ್ಲ ಒಣ ಕಡ್ಡಿ.

"ಅಲ್ಲಿ ಮೊದಲು ಏನು ಬೆಳೀತಿತ್ತು?" ಎಂದು ಶಿವಸ್ವಾಮಿ ಕೇಳಿದರು.

"ತಂಗಡಿ ಬಿಟ್ರ ಮತ್ತೇನ್ ಬೆಳೀತದ್ರಿ ಅಲ್ಲಿ," ಎಂದಳು ನಾಗಮ್ಮ.

"ಹಾಗಾದ್ರೆ ಅದನ್ನೇ ಬೆಳೆಸಿ."

ಕಾಡಿನಲ್ಲಿ ತಾನಾಗಿ ಹುಟ್ಟುವ ಗಿಡ, ಇದೇನು ಮಹಾ ಎಂದುಕೊಂಡೆ. ಒಣಗಿದ ಕಾಯಿಗಳನ್ನು ಚೀಲಗಟ್ಟಲೆ ತಂದು, ಕಾಗದದಂಥ ಸಿಪ್ಪೆ ಒಡೆದು, ಬೀಜ ತೆಗೆದು ಪಾಕೀಟಿಗೆ ಹಾಕಿಸಿದೆ. ಪೈಪು ಹಿಡಿದು ಬೆಳಿಗ್ಗೆ ಸಂಜೆ ನೀರುಣಿಸಿದೆ. ಹದಿನೈದು ದಿನವಾಯಿತು, ತಿಂಗಳಾಯಿತು. ಹುಲ್ಲು ಹುಟ್ಟಿತು, ಸೊಪ್ಪು ಹುಟ್ಟಿತು, ತಂಗಡಿ ಹುಟ್ಟಲಿಲ್ಲ. ಒಂದು ಪಾಕೀಟು ಒಡೆದು ನೋಡಿದರೆ ಬೀಜ ಹಾಕಿದ ದಿನ ಹೇಗಿತ್ತೋ ಹಾಗೇ ಹೊಳೆಯುತ್ತಿತ್ತು.

"ಬೀಜ ಹಾಕಿಯೋ, ಹಳ್ಳು ಹಾಕಿಯೋ ತಮ್ಮಾ?" ಎಂದು ನಾಗಮ್ಮ ಕೇಳಿದಳು.

ಅವಳು ಹೇಳಿದ್ದರಲ್ಲಿ ಅರ್ಥವಿತ್ತು. ತಂಗಡಿ ಬೀಜದ ಸಿಪ್ಪೆ ಹಳ್ಳಿನಷ್ಟೇ, ಅಂದರೆ ಸಣ್ಣ ಕಲ್ಲಿನಷ್ಟೇ ಗಟ್ಟಿ. ಮೇಲೆ ಬಿದ್ದ ನೀರು ಒಳಗೆ ಇಳಿಯುವುದಿಲ್ಲ. ಬಿಸಿಲಿಗೆ ಕಾದು, ಕಲ್ಲಿಗೆ ಉಜ್ಜಿ, ಒಂದೆರಡು ವರ್ಷ ನೆಲದಲ್ಲಿ ಬಿದ್ದು ಸಿಪ್ಪೆ ಸವೆದ ಮೇಲೆಯೇ ಅದು ಮೊಳೆಯುತ್ತದೆ. ಒಂದು ಮಳೆಗೆ ಎಲ್ಲ ಬೀಜವೂ ಹುಟ್ಟಿ, ಮುಂದಿನ ಮಳೆ ಕೈಕೊಟ್ಟರೆ ವಂಶವೇ ಹೋಗುತ್ತದಲ್ಲ, ಅದಕ್ಕೆ ಈ ಎಚ್ಚರ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ಯಾರೋ ಬಿಸಿನೀರಿನಲ್ಲಿ ನೆನೆಸಬೇಕು ಎಂದರು. ನಾನು ಮೂರು ಕಲ್ಲು ಹೂಡಿ, ದೊಡ್ಡ ಪಾತೇಲಿ ಇಟ್ಟು, ನೀರು ಬೀಜ ಎರಡನ್ನೂ ಹಾಕಿ ಕೊತಕೊತ ಕುದಿಸಿದೆ. ಮುಚ್ಚಳ ತೆಗೆದಾಗ ಬೀಜಗಳು ಉಬ್ಬಿ ಮೆತ್ತಗಾಗಿದ್ದವು. ಸಿಪ್ಪೆ ಕರಗಿತು ಎಂದು ಖುಷಿಯಿಂದ ನಾಗಮ್ಮನಿಗೆ ತೋರಿಸಿದೆ.

ಅವಳು ಒಂದನ್ನು ಎರಡು ಬೆರಳಲ್ಲಿ ಹಿಸುಕಿದಳು. "ಉಪ್ಪು ಖಾರ ಹಾಕಿಬಿಡು ತಮ್ಮಾ, ಉಸಳಿ ಆಗ್ತದ."

ಹತ್ತೂ ಜನ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ವರ್ಷಗಟ್ಟಲೆ ನನ್ನನ್ನು ಉಸಳಿ ಸಾಹೇಬ ಎಂದು ಹಿಂದಿನಿಂದ ಕರೆಯುತ್ತಿದ್ದರು, ನನಗೆ ಗೊತ್ತಿತ್ತು.

ಈಗ ಕಲಿಯುವವರು ಇದನ್ನು ಬರೆದಿಟ್ಟುಕೊಳ್ಳಿ. ಮೊದಲು ಬೀಜವನ್ನು ತಣ್ಣೀರಿಗೆ ಹಾಕಿ. ತೇಲುವವು ಹುಳು ತಿಂದವು, ಚೆಲ್ಲಿಬಿಡಿ. ನೀರು ಕುದಿಸಿ ಒಲೆಯಿಂದ ಇಳಿಸಿದ ಮೇಲೆ ಉಳಿದ ಬೀಜದ ಮೇಲೆ ಸುರಿಯಬೇಕು. ಅದೇ ನೀರಿನಲ್ಲಿ ಆರಲು ಬಿಟ್ಟು, ಮರುದಿನ ಉಬ್ಬಿದವನ್ನು ಆರಿಸಬೇಕು. ಬೀಜಕ್ಕೆ ಕಾವು ಮುಟ್ಟಬೇಕು, ಬೆಂಕಿ ಮುಟ್ಟಬಾರದು.

ಹೀಗೆ ಮಾಡಿದ ಮೇಲೆ ಹುಟ್ಟಿತು. ಪಾಕೀಟಿಗೊಂದು ಎರಡೆಲೆಯ ಮೊಳಕೆ. ನನ್ನ ಸಂಭ್ರಮಕ್ಕೆ ಮಿತಿ ಇರಲಿಲ್ಲ. ಬೇವಿಗೆ ಒಂದು ಪಾಲು ನೀರಾದರೆ ಇವಕ್ಕೆ ಎರಡು ಪಾಲು ಕೊಟ್ಟೆ. ಮರಡಿಯ ಮೇಲೆ ಹೋಗಿ ಕಷ್ಟಪಡುವ ಮಕ್ಕಳು, ಇಲ್ಲಾದರೂ ಉಂಡುಕೊಂಡಿರಲಿ ಎಂದು. ಮೂರು ವಾರಕ್ಕೆ ಎಲೆ ಹಳದಿಯಾಯಿತು. ನೀರು ಸಾಲದು ಎಂದುಕೊಂಡು ಇನ್ನಷ್ಟು ಹಾಕಿದೆ. ಸಸಿಗಳು ಒಂದೊಂದಾಗಿ ಬುಡದಲ್ಲಿ ಕಪ್ಪಾಗಿ ಮಲಗಿಕೊಂಡವು. ಆ ದಿನ ಮನೆಗೆ ಹೋಗಿ ಊಟ ಬೇಡವೆಂದೆ.

ನನ್ನ ತಾಯಿಯ ತವರು ಸುರಪುರ. ನಾನಾ, ಅಂದರೆ ತಾಯಿಯ ತಂದೆ, ಚರ್ಮದ ವ್ಯಾಪಾರಿ. ಅವರ ಅಂಗಳದ ತೊಟ್ಟಿಗಳಲ್ಲಿ ತಂಗಡಿ ತೊಗಟೆ ನೆನೆಹಾಕಿ ಚರ್ಮ ಹದ ಮಾಡುತ್ತಿದ್ದರಂತೆ. ಅಮ್ಮ ಚಿಕ್ಕವಳಿದ್ದಾಗ ಆ ತೊಗಟೆಗಾಗಿ ಗುಡ್ಡಗಳಲ್ಲಿ ತಿರುಗಿದವಳು. ನನ್ನ ಗೋಳು ಕೇಳಿ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ತರ್ವಾರ್ ಕೂ ಕೌನ್ ಪಾನಿ ಡಾಲ್ತಾ ರೇ, ಬೇಟಾ?"

ತರ್ವಾರ್ ಎಂದರೆ ನಮ್ಮ ಮನೆಮಾತಿನಲ್ಲಿ ತಂಗಡಿ. ಅದಕ್ಕೆ ಯಾರಾದರೂ ನೀರು ಹಾಕುತ್ತಾರೇನೋ ಎಂದು ಕೇಳಿದ್ದಳು. ಹಳ್ಳದ ಪಕ್ಕದ ತಂಗಡಿಯ ತೊಗಟೆ ತೆಳ್ಳಗೆ, ಸಪ್ಪೆ. ಅದನ್ನು ನಾನಾ ವಾಪಸು ಕಳಿಸುತ್ತಿದ್ದರಂತೆ. ಬಂಡೆಯ ಸಂದಿಯಲ್ಲಿ, ಬಿಸಿಲು ನೇರ ಬೀಳುವಲ್ಲಿ ಬೆಳೆದದ್ದರ ತೊಗಟೆಯಲ್ಲೇ ಸತ್ವ. "ಅದಕ್ಕೆ ಹಸಿವಿರಬೇಕು" ಎಂದು ಅಮ್ಮ ಹೇಳಿ ಮತ್ತೆ ರೊಟ್ಟಿ ಬಡಿಯತೊಡಗಿದಳು. ಎಷ್ಟೋ ತರಬೇತಿಗಳಿಗೆ ಹೋಗಿ ಬಂದಿದ್ದೇನೆ, ಇದಕ್ಕಿಂತ ಚಿಕ್ಕ ಪಾಠ ಯಾರೂ ಮಾಡಲಿಲ್ಲ.

ಮುಂದಿನ ವರ್ಷ ಕೈ ಬಿಗಿಹಿಡಿದೆ. ಗೊಬ್ಬರ ಬಿಟ್ಟು ಬರೀ ಗರಸು ಮಣ್ಣು ತುಂಬಿಸಿದೆ. ಎರಡು ದಿನಕ್ಕೊಮ್ಮೆ, ಆಮೇಲೆ ನಾಲ್ಕು ದಿನಕ್ಕೊಮ್ಮೆ ನೀರು. ಗೇಣುದ್ದದ ಗಟ್ಟಿ ಸಸಿಗಳಾದವು. ಶಿವಸ್ವಾಮಿಯವರು ನೋಡಿ ಭುಜ ತಟ್ಟಿದರು. ಮುಂಗಾರಿಗೆ ಮರಡಿಗೆ ಒಯ್ದು ನೆಟ್ಟೆವು. ದಸರೆಯ ಹೊತ್ತಿಗೆ ನೂರಕ್ಕೆ ಹತ್ತೂ ಉಳಿದಿರಲಿಲ್ಲ.

ಈ ಸಲ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮನುಷ್ಯರು ಕೈಹಚ್ಚದಿದ್ದರೆ ಬೆಳೆಯುವ ಗಿಡ, ಕೈಹಚ್ಚಿದರೆ ಸಾಯುತ್ತದೆ ಎಂದರೆ ಏನರ್ಥ? ಒಂದು ಭಾನುವಾರ ಸಲಿಕೆ, ಹಾರೆ ತೆಗೆದುಕೊಂಡು ಅಬ್ಬೆತುಮಕೂರು ದಾರಿಯ ಪಕ್ಕದ ಒಂದು ಬಯಲಿಗೆ ಹೋದೆ. ತಾನಾಗಿ ಹುಟ್ಟಿದ, ಮೊಳಕಾಲೆತ್ತರದ ಒಂದು ತಂಗಡಿಯನ್ನು ಆರಿಸಿ ಅದರ ಬುಡ ಬಿಡಿಸತೊಡಗಿದೆ. ಬೇರು ಮುರಿಯದ ಹಾಗೆ ಸುತ್ತಲೂ ಅಗೆಯಬೇಕು. ಮಧ್ಯಾಹ್ನದ ಹೊತ್ತಿಗೆ ನಾನು ಸೊಂಟದವರೆಗೆ ಗುಂಡಿಯಲ್ಲಿದ್ದೆ. ಕುರಿ ಕಾಯುವ ಮುದುಕನೊಬ್ಬ ಬಂದು ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತ.

"ಹೊನ್ನಿನ ಕೊಡ ಸಿಕ್ಕದೇನ್ರಿ?"

"ಇಲ್ಲೋ ಯಪ್ಪಾ. ಬೇರು ನೋಡಾಕತ್ತೀನಿ."

"ಬೇರಾ? ಬೇರು ಎಲ್ಲಾ ಗಿಡಕ್ಕೂ ಇರ್ತದಲ್ರಿ." ಅವನು ನನ್ನ ಮುಖವನ್ನು ಕನಿಕರದಿಂದ ನೋಡಿ ಬುತ್ತಿಯಲ್ಲಿದ್ದ ಒಂದು ರೊಟ್ಟಿ ಕೊಟ್ಟು ಹೋದ.

ಬೇರು ನೆಟ್ಟಗೆ ಇಳಿದಿತ್ತು. ಹೆಬ್ಬೆರಳಿನಷ್ಟು ದಪ್ಪ, ಎಲ್ಲಿಯೂ ಕವಲಿಲ್ಲ, ಬಾವಿಗೆ ಬಿಟ್ಟ ಹಗ್ಗದ ಹಾಗೆ. ಎದೆಮಟ್ಟಕ್ಕೆ ಅಗೆದ ಮೇಲೆ ಬಂಡೆ ಸಿಕ್ಕಿತು. ಬೇರು ಆ ಬಂಡೆಯ ಬಿರುಕಿನೊಳಗೆ ಹೋಗಿತ್ತು. ಅಲ್ಲಿಂದ ಮುಂದೆ ಎಷ್ಟಿತ್ತೋ ದೇವರಿಗೇ ಗೊತ್ತು. ಮೇಲೆ ಮೊಳಕಾಲೆತ್ತರ, ಕೆಳಗೆ ಆಳು ಮುಳುಗುವಷ್ಟು. ನಮ್ಮ ಪಾಕೀಟು ಒಂದು ಗೇಣು. ಆ ಪಾಕೀಟಿನಲ್ಲಿ ಬೇರು ಕೆಳಗೆ ಹೋಗಲಾರದೆ ಸಿಂಬಿಯ ಹಾಗೆ ಸುತ್ತಿಕೊಳ್ಳುತ್ತಿತ್ತು. ನೆಡುವಾಗ ನಾವು ಪಾಕೀಟಿನ ತಳ ಕುಯ್ದು ಅದನ್ನೂ ಕತ್ತರಿಸುತ್ತಿದ್ದೆವು. ಕಾಲು ಮುರಿದು ಓಟಕ್ಕೆ ಬಿಟ್ಟಂತೆ.

ಬೇರನ್ನು ಬಂಡೆಯ ಹತ್ತಿರ ಕತ್ತರಿಸಿ, ಗಿಡದ ಸಮೇತ ಹೆಗಲ ಮೇಲೆ ಹೊತ್ತು ಬಸ್ಸು ಹತ್ತಿದೆ. ಮರುದಿನ ಶಿವಸ್ವಾಮಿಯವರ ಮೇಜಿನ ಮೇಲೆ ಮಲಗಿಸಿದೆ. ಎರಡೂ ತುದಿ ಮೇಜಿನಿಂದ ಹೊರಗೆ ಇಳಿಬಿದ್ದವು.

"ಸಾಹೇಬ್ರ, ಇದು ಪಾಕೀಟಿನ್ಯಾಗ ಹಿಡಿಯೂ ಗಿಡ ಅಲ್ರಿ. ಬೀಜಾನೇ ಒಯ್ದು ಮರಡಿಗಿ ಬಿತ್ತೂಣ್ರಿ."

"ಬೀಜ ಬಿತ್ತಿದ್ರೆ ನಾನು ವರದೀಲಿ ಏನಂತ ಬರೀಲಿ? ನೆಟ್ಟ ಸಸಿ ಎಷ್ಟು ಅಂತ ಕೇಳ್ತಾರೆ. ಬಿತ್ತಿದ ಬೀಜ ಎಷ್ಟು ಅಂತ ಕೇಳೋ ಕಾಲಮ್ಮೇ ಇಲ್ಲ ಕಣ್ರೀ."

ಅವರು ಬೇರಿನ ಉದ್ದಕ್ಕೂ ಬೆರಳು ಆಡಿಸಿದರು. ಬಂಡೆಯ ಬಿರುಕಿಗೆ ಹೊಂದಿಕೊಂಡು ಚಪ್ಪಟೆಯಾಗಿದ್ದ ತುದಿಯನ್ನು ತಿರುಗಿಸಿ ನೋಡಿದರು.

"ಅರ್ಧ ಮರಡಿ ಕೊಡ್ತೀನಿ," ಎಂದರು ಕಡೆಗೆ. "ಇನ್ನರ್ಧಕ್ಕೆ ಆದೇಶದಲ್ಲಿರೋ ಹಾಗೆ ಬೇವು, ಹೊಂಗೆ. ಹೋದ್ರೆ ನಿಮ್ಮ ಮಾನ ಒಂದೇ ಅಲ್ಲ, ನನ್ನದೂ ಹೋಗುತ್ತೆ."

ಬೇಸಿಗೆಯಲ್ಲಿ ಇಳಿಜಾರಿಗೆ ಅಡ್ಡಲಾಗಿ ಸಣ್ಣ ಕಾಲುವೆ ತೋಡಿದೆವು. ಮಿರಗದ, ಅಂದರೆ ಮೃಗಶಿರಾ ನಕ್ಷತ್ರದ, ಮೊದಲ ಮಳೆಗೆ ನೆಲ ನೆನೆದ ಮರುದಿನ ನಾಗಮ್ಮ ಮತ್ತು ಅವಳ ಹೆಂಗಸರು ಉಡಿಯಲ್ಲಿ ಬೀಜ ಕಟ್ಟಿಕೊಂಡು ಮರಡಿ ಹತ್ತಿದರು. ಬೆರಳಿನ ಎರಡು ಗೆಣ್ಣಿನಷ್ಟು ತೂತು, ಅದರಲ್ಲಿ ಮೂರು ಬೀಜ, ಮೇಲೆ ಚಿಟಿಕೆ ಮಣ್ಣು. ಅರ್ಧ ಬೀಜವನ್ನು ಬಿಸಿನೀರಿಗೆ ಹಾಕಿ ತಂದಿದ್ದೆವು, ಇನ್ನರ್ಧವನ್ನು ಹಾಗೇ. ಇದು ನಾಗಮ್ಮನ ಯೋಚನೆ. "ಈ ವರ್ಷದ ಮಳಿ ಮ್ಯಾಲ ಪೂರಾ ಭರೋಸಾ ಇಡಬ್ಯಾಡ. ಅರ್ಧ ಮುಂದಿನ ವರ್ಷಕ್ಕ ಹುಟ್ಟಲಿ" ಎಂದಿದ್ದಳು.

ಊರವರಿಗೆ ಇದು ಹಿಡಿಸಲಿಲ್ಲ. "ಮಾವು ಹಚ್ರಿ, ಹುಣಸಿ ಹಚ್ರಿ ಅಂದ್ರ ತಂಗಡಿ ತಂದೀರಿ. ಆಡು ತಿನ್ನಂಗಿಲ್ಲ, ಹಣ್ಣು ಬಿಡಂಗಿಲ್ಲ," ಎಂದು ಅಂಗನವಾಡಿಯ ಶರಣಮ್ಮ ಟೀಚರು ಸೇರಿ ಎಲ್ಲರೂ ಗೊಣಗಿದರು. "ಆಡು ತಿನ್ನಂಗಿಲ್ಲ ಅಂತನೇ ಹಚ್ಚೀವಿ," ಎಂದಳು ನಾಗಮ್ಮ.

ಬಿತ್ತಿ ನಾಲ್ಕು ವಾರವೂ ಆಗಿರಲಿಲ್ಲ, ಮೇಲಿನ ಕಚೇರಿಯಿಂದ ಒಬ್ಬ ಮೇಡಂ ತಪಾಸಣೆಗೆ ಬರುತ್ತಾರೆ ಎಂದು ಸುದ್ದಿ ಬಂತು. ಮರಡಿಯ ಒಂದು ಮೈಯಲ್ಲಿ ಬೇವು, ಹೊಂಗೆ ಸಸಿಗಳು ಸಾಲಾಗಿ ನಿಂತಿವೆ. ಇನ್ನೊಂದು ಮೈ ದೂರದಿಂದ ನೋಡಿದರೆ ಬೋಳು. ನನಗೆ ನಿದ್ದೆ ಹತ್ತಲಿಲ್ಲ. ಸಹೋದ್ಯೋಗಿಯೊಬ್ಬ ಉಪಾಯ ಹೇಳಿದ: ಬಯಲಿನಿಂದ ಹೂಬಿಟ್ಟ ತಂಗಡಿ ಕೊಂಬೆ ಕಡಿದು ತಂದು ನೆಲಕ್ಕೆ ಚುಚ್ಚಿಬಿಡು, ಒಂದು ದಿನ ಹಸಿರಾಗಿಯೇ ಇರುತ್ತವೆ. ಮುಚ್ಚಿಡುವುದೇಕೆ, ನಾನು ಬೆಳಿಗ್ಗೆ ಎದ್ದು ಎರಡು ಹೊರೆ ಕಡಿದು ತಂದೆ. ನಾಗಮ್ಮ ಮರಡಿಯ ಬುಡದಲ್ಲೇ ಅಡ್ಡ ನಿಂತಳು.

"ಇದೇನ್ ತಮ್ಮಾ?"

ಹೇಳಿದೆ.

"ನಾಳಿ ಇವು ಒಣಗ್ತಾವ. ನಾಡಿದ್ದು ಮೇಡಮ್ಮೋರು ಮತ್ತ ಬಂದ್ರ ಏನ್ ತೋರಸ್ತಿ? ಹುಟ್ಟಿದ್ದನ್ನ ತೋರ್ಸು. ಸಣ್ಣದದ ಅಂತ ನಾಚ್ಕಿ ಯಾಕ?"

ಎರಡು ಹೊರೆಯನ್ನೂ ಅವಳು ಹೆಂಗಸರಿಗೆ ಹಲ್ಲುಕಡ್ಡಿಗೆ ಹಂಚಿಬಿಟ್ಟಳು. ಅಂದಿನಿಂದ ಕೆಲಸದಲ್ಲಿ ನಾನು ಅನೇಕ ತಪ್ಪು ಮಾಡಿದ್ದೇನೆ, ಆದರೆ ಇಲ್ಲದ್ದನ್ನು ಇದೆ ಎಂದು ತೋರಿಸಿಲ್ಲ. ಅದರ ಪುಣ್ಯ ಅವಳಿಗೆ ಸೇರಬೇಕು.

ಮೇಡಂ ಬಂದರು. ದಪ್ಪ ಕನ್ನಡಕ, ಕ್ಯಾನ್ವಾಸ್ ಬೂಟು. ಜೊತೆಗೆ ಬಂದ ಶಿವಸ್ವಾಮಿಯವರು ಒಂದೇ ಸಮನೆ ಕರ್ಚೀಫಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದರು. ಮೇಡಂ ಬೇವಿನ ಸಾಲು ನೋಡಿದರು. ಆಮೇಲೆ ನಮ್ಮ ಮೈಯ ಕಡೆ ತಿರುಗಿ, "ಇಲ್ಲಿ ಗಿಡ ಎಲ್ಲಿವೆ?" ಎಂದರು.

ನಾಗಮ್ಮನೇ ಮುಂದೆ ಬಂದಳು. "ಜರಾ ಬಗ್ಗಿ ನೋಡ್ರಿ ಅಮ್ಮಾರ."

ಮೇಡಂ ಬಗ್ಗಿದರು. ಸಾಲದೆ ಮೊಳಕಾಲೂರಿದರು. ಅವರ ಬೂಟಿನ ಹತ್ತಿರವೇ ಎರಡು ಬೆರಳೆತ್ತರದ ಸಸಿ, ಪುಟ್ಟ ಜೋಡಿ ಎಲೆಗಳನ್ನು ಬಿಚ್ಚಿ ನಿಂತಿತ್ತು. ಅದರ ಪಕ್ಕ ಇನ್ನೊಂದು. ಅಲ್ಲಿಂದ ಆಚೆಗೆ ಇನ್ನೊಂದು. ಕಣ್ಣು ಹೊಂದಿಕೊಂಡ ಮೇಲೆ ಮರಡಿಯ ತುಂಬ ಅವೇ ಕಾಣತೊಡಗಿದವು. "ಅಯ್ಯೋ, ನಾನು ತುಳೀತಾ ಇದೀನಿ," ಎಂದು ಅವರು ಕಾಲು ಎತ್ತಿಟ್ಟರು. ನಾನು ಒಂದನ್ನು ಮೆಲ್ಲಗೆ ಅಗೆದು ತೋರಿಸಿದೆ. ಮೇಲೆ ಎರಡು ಬೆರಳು, ಕೆಳಗೆ ಬಿಳಿ ಬೇರು ಒಂದು ಗೇಣಿಗೂ ಮೀರಿ. ಮೇಡಂ ಅದನ್ನು ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿ, ಶಿವಸ್ವಾಮಿಯವರಿಗೆ, "ವರದಿಯಲ್ಲಿ ಕಾಲಮ್ ಇಲ್ಲದಿದ್ದರೆ ಷರಾ ಅಂತ ಕೆಳಗೆ ಬರೆಯಿರಿ, ನಾನು ಸಹಿ ಹಾಕ್ತೀನಿ," ಎಂದರು.

ಮರುವರ್ಷ, ಮಳೆಗಾಲದ ಕೊನೆಯಲ್ಲಿ ಪರೀಕ್ಷೆ ಬಂತು. ಆಗ ತಂಗಡಿ ಮೊಳಕಾಲೆತ್ತರ ಬಂದಿದ್ದವು. ಬಿಸಿನೀರು ಕಾಣದ ಬೀಜಗಳಲ್ಲೂ ಎಷ್ಟೋ ಆ ವರ್ಷ ಹುಟ್ಟಿ ನಡುವಿನ ಜಾಗ ತುಂಬಿದ್ದವು. ಆಚೆ ಮೈಯಲ್ಲಿ ಬೇವು, ಹೊಂಗೆ ಯಥಾಪ್ರಕಾರ ಒಣಗಿ ಹೋಗಿದ್ದವು. ನಾನೂ ನಾಗಮ್ಮನೂ ಗಿಡ ನೋಡಲು ಹೋದ ಮಧ್ಯಾಹ್ನವೇ ಆಕಾಶ ಕಪ್ಪಿಟ್ಟು ಮಳೆ ಸುರಿಯಿತು. ಓಡಿ ಬಂದು ಅಂಗನವಾಡಿಯ ಒಳಗೆ ನಿಂತೆವು. ಶರಣಮ್ಮ ಟೀಚರು ಹದಿನೈದು ಇಪ್ಪತ್ತು ಮಕ್ಕಳನ್ನು ಒಂದು ಮೂಲೆಗೆ ಸೇರಿಸಿದ್ದರು. ತಗಡಿನ ಮೇಲೆ ಮಳೆಯ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ಆ ಸದ್ದಿನ ನಡುವೆ ಆಚೆ ಕಡೆಯಿಂದ ಕಲ್ಲು ಉರುಳುವ ಸದ್ದು ಕೇಳತೊಡಗಿತು.

"ಹುಡುಗೂರ್ನ ಹೊರಗ ಕರ್ಕೊಂಡು ಹೋಗೂಣ್ರಿ," ಎಂದು ಶರಣಮ್ಮ ಹೇಳಿದರು. "ಹೋದ ಸಲ ಹಿಂಗ ಸಪ್ಪಳ ಆದ ಮ್ಯಾಲ ಗ್ವಾಡಿ ಬಿರುಕು ಬಿಟ್ಟದ್ರಿ."

ಹೊರಗೆ ಎಲ್ಲಿಗೆ? ನಾಗಮ್ಮ ಬಾಗಿಲಲ್ಲಿ ನಿಂತು ಮರಡಿಯಿಂದ ಇಳಿಯುವ ನೀರನ್ನೇ ನೋಡುತ್ತಿದ್ದಳು.

"ನಿಲ್ರಿ ಟೀಚರ್ರ. ನೀರಿನ ಬಣ್ಣ ನೋಡ್ರಿ. ಆ ಕಡಿದು ಹುರಮಂಜಿನಂಗ ಬರಾಕತ್ತದ. ನಮ್ಮ ಕಡಿದು ಚಾದಂಗ ಅದ. ಮಣ್ಣು ಕುಂತದ, ಏಳಂಗಿಲ್ಲ."

ನಿಜವಾಗಿತ್ತು. ಬೇವು ನೆಟ್ಟ ಕಡೆಯಿಂದ ಕಡುಗೆಂಪು ರಾಡಿ, ಗರಸು, ಮುಷ್ಟಿಗಾತ್ರದ ಕಲ್ಲುಗಳು ಉರುಳಿ ಬರುತ್ತಿದ್ದವು. ಅಂಗನವಾಡಿಯ ಹಿಂದೆ ನಮ್ಮ ತಂಗಡಿ ಮೈಯಿಂದ ಇಳಿಯುತ್ತಿದ್ದ ನೀರು ತಿಳಿಗೆಂಪು, ಹರಿಯುತ್ತಿತ್ತು, ನುಗ್ಗುತ್ತಿರಲಿಲ್ಲ. ನಾವು ಮಕ್ಕಳ ಜೊತೆ ಅಲ್ಲೇ ಕೂತೆವು. ನಾಗಮ್ಮ ಅವರಿಗೆ ಒಗಟು ಹಾಕತೊಡಗಿದಳು. ಮಕ್ಕಳು ಉತ್ತರ ಕೂಗುತ್ತಿದ್ದರೆ ನಾನು ಗೋಡೆಯ ಬಿರುಕಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ, ಅದು ಅಲುಗಿದರೆ ಗೊತ್ತಾಗಲಿ ಎಂದು. ಅಲುಗಲಿಲ್ಲ.

ಮಳೆ ನಿಂತ ಮೇಲೆ ನೋಡಿದರೆ ಆಚೆ ತುದಿಯಲ್ಲಿ ಒಂದು ದನದ ಕೊಟ್ಟಿಗೆಯ ಗೋಡೆ ಕುಸಿದಿತ್ತು. ದನಗಳನ್ನು ಮೊದಲೇ ಬಿಚ್ಚಿದ್ದರಿಂದ ಯಾವುದಕ್ಕೂ ಪೆಟ್ಟಾಗಿರಲಿಲ್ಲ. ನಮ್ಮ ಮೈಯನ್ನು ಹತ್ತಿ ನೋಡಿದೆವು. ಪ್ರತಿ ತಂಗಡಿಯ ಬೆನ್ನಿಗೂ ಅರ್ಧಚಂದ್ರದ ಹಾಗೆ ಗರಸು ನಿಂತಿತ್ತು. ಗಿಡಗಳು ಬಾಗಿದ್ದವು, ಕಿತ್ತು ಬಂದದ್ದು ಒಂದೂ ಸಿಗಲಿಲ್ಲ. ಮರುದಿನ ಬಂದ ಶಿವಸ್ವಾಮಿಯವರು ಒಂದು ಗಿಡವನ್ನು ಹಿಡಿದು ಜಗ್ಗಿ ನೋಡಿ, ಕೈ ಒರೆಸಿಕೊಂಡರು.

"ಮಹಬೂಬ್, ಉಳಿದರ್ಧಕ್ಕೂ ಹಚ್ಚಿಬಿಡ್ರಿ."

ಅವರು ಹಚ್ಚಿಬಿಡ್ರಿ ಎಂದದ್ದಕ್ಕೆ ನಾಗಮ್ಮ ನನಗಿಂತ ಜೋರಾಗಿ ನಕ್ಕಳು. ಅಂಗನವಾಡಿ ಅಲ್ಲೇ ಉಳಿಯಿತು.

ಇಷ್ಟು ಕಲಿತ ಮೇಲಾದರೂ ಜಾಣನಾದೆನೇ? ಇಲ್ಲ. ತಂಗಡಿ ಎಂದರೆ ಸರ್ವರೋಗಕ್ಕೂ ಮದ್ದು ಎಂಬ ಹೊಸ ಭ್ರಮೆ ಹಿಡಿಯಿತು. ಸುರಪುರ ಕಡೆಯ ಒಂದು ಕಾಲುವೆಯ ಏರಿ ಕುಸಿಯುತ್ತಿದೆ ಎಂದಾಗ ಅಲ್ಲಿಗೂ ಉತ್ಸಾಹದಿಂದ ಬಿತ್ತಿಸಿದೆ. ಅದು ಎರೆ ಮಣ್ಣು, ಕಾಲುವೆಯ ಜಿನುಗು ಬೇರೆ. ಬೇರಿಗೆ ಉಸಿರಾಡಲು ಜಾಗವಿಲ್ಲ. ಎಲ್ಲ ಕೊಳೆತವು. ಪಕ್ಕದ ಗದ್ದೆಯ ರೈತ, "ಎರಿ ಹೊಲದಾಗ ಎಂದಾದ್ರೂ ತಂಗಡಿ ಕಂಡೀರೇನ್ರಿ ನೀವು?" ಎಂದ. ಕಂಡಿರಲಿಲ್ಲ. ಕಂಡಿಲ್ಲ ಎಂಬುದನ್ನು ಗಮನಿಸಿಯೂ ಇರಲಿಲ್ಲ. ನಮ್ಮ ಸೀಮೆಗೆ ಕಾಲುವೆ ನೀರು ಬಂದ ಕಡೆಯಲ್ಲೆಲ್ಲ ಭತ್ತ ಬಂತು, ತಂಗಡಿ ಹಿಂದೆ ಸರಿದು ಗುಡ್ಡ ಸೇರಿತು. ಒಂದು ಗಿಡ ಎಲ್ಲಿ ಬೆಳೆಯುತ್ತದೆ ಎನ್ನುವಷ್ಟೇ ಮುಖ್ಯ, ಎಲ್ಲಿ ಬೆಳೆಯುವುದಿಲ್ಲ ಎನ್ನುವುದು. ಎರಡನೆಯದನ್ನು ಯಾರೂ ಬರೆದು ತೂಗುಹಾಕುವುದಿಲ್ಲ.

ಆಮೇಲೆ ಪದ್ಧತಿಗಳು ಬಹಳ ಬದಲಾದವು. ಗೇಣುದ್ದದ ಪಾಕೀಟಿನ ಜೊತೆಗೆ ಉದ್ದನೆಯ ಕೊಳವೆಯಂಥ ಡಬ್ಬಿಗಳು ಬಂದವು, ಹನಿ ನೀರಾ‍ವರಿ ಬಂತು. ಪ್ರತಿ ಗುಂಡಿಯ ಫೋಟೊ ಮೊಬೈಲಿನಲ್ಲಿ ತೆಗೆದು ಕಳಿಸುವ ಕಾಲ ಬಂತು. ಒಳ್ಳೆಯದೇ. ಆದರೆ ಫೋಟೊಗೆ ಬೇರು ಕಾಣುವುದಿಲ್ಲ. ವರ್ಷಕ್ಕೆ ಒಂದಾದರೂ ಗಿಡವನ್ನು ಅಗೆದು ನೋಡಿ. ಗುಂಡಿಯ ಅಂಚಿನಲ್ಲಿ ಕೂತು ನಗುವವರು ಸಿಕ್ಕರೆ ಇನ್ನೂ ಒಳ್ಳೆಯದು, ರೊಟ್ಟಿ ಕೊಟ್ಟರೂ ಕೊಡಬಹುದು. ನಾಗಮ್ಮ ಈಗಿಲ್ಲ. ಕೊನೆಯ ವರ್ಷಗಳಲ್ಲಿ ಕಣ್ಣು ಮಂಜಾದಾಗಲೂ ನರ್ಸರಿಗೆ ಬಂದು, ಮಣ್ಣು ಹಿಸುಕಿ, "ಉಸಳಿ ಸಾಹೇಬ್ರ ಮಣ್ಣು ಈಗ ಬರೋಬ್ಬರಿ ಅದ" ಎಂದು ಎದುರಿಗೇ ಹೇಳಿ ಹೋಗುತ್ತಿದ್ದಳು.

ನಾನು ನಿವೃತ್ತನಾಗಿ ಕೆಲವು ವರ್ಷಗಳಾದ ಮೇಲೆ, ಕಳೆದ ಹೂವಿನ ಕಾಲದಲ್ಲಿ, ಒಬ್ಬ ಹಳೆಯ ಸಹೋದ್ಯೋಗಿ ಫೋನು ಮಾಡಿದ. ಆ ಮರಡಿಗೆ ಮತ್ತೆ ಗರಸು ಅಗೆಯಲು ಯಂತ್ರ ಬಂದಿದೆಯಂತೆ ಎಂದ. ನನ್ನ ಕೈಯಲ್ಲಿ ಈಗ ಅಧಿಕಾರವಿಲ್ಲ, ಜೀಪಿಲ್ಲ. ಆದರೂ ಕೂರಲಾಗಲಿಲ್ಲ. ಯಾದಗಿರಿಯಿಂದ ಬಸ್ಸು ಹಿಡಿದು, ಇಳಿದು, ಬಿಸಿಲಿನಲ್ಲಿ ನಡೆದು ಹೋದೆ. ದಾರಿಯುದ್ದಕ್ಕೂ ಯಾರ ಕಾಲು ಹಿಡಿಯಬೇಕು, ಯಾವ ಕಾಗದ ಬರೆಯಬೇಕು ಎಂದು ಯೋಚಿಸುತ್ತಲೇ ಇದ್ದೆ.

ಮರಡಿ ಬುಡದಿಂದ ತುದಿಯವರೆಗೆ ಹಳದಿಯಾಗಿತ್ತು. ಯಂತ್ರ ಇರಲಿಲ್ಲ, ಅದರ ಚಕ್ರದ ಗುರುತು ಮಾತ್ರ ಬಂದ ದಾರಿಯಲ್ಲೇ ತಿರುಗಿ ಹೋಗಿತ್ತು. ಕೊನೆಯ ಮನೆಯ ಮುಂದೆ ಒಬ್ಬ ತರುಣಿ ಜೋಳ ಹಸನು ಮಾಡುತ್ತಾ ಕೂತಿದ್ದಳು. ಈ ಊರಿಗೆ ಮದುವೆಯಾಗಿ ಬಂದು ಆರು ವರ್ಷವಾಯಿತಂತೆ. ಕುಡಿಯಲು ನೀರು ಕೊಟ್ಟಳು, ಕಟ್ಟೆಯ ಮೇಲೆ ಕೂರಲು ಹೇಳಿದಳು.

"ಮಷಿನ್ ಬಂದಿತ್ತಂತಲ್ಲವ್ವಾ?"

"ಬಂದಿತ್ರಿ ಕಾಕಾ. ನಾವು ಹೆಣ್ಮಕ್ಕಳೆಲ್ಲಾ ಹೋಗಿ ಮುಂದ ಕುಂತ್ವಿ. ಡ್ರೈವರ್ ಅಂದ, ಬರೀ ಕಂಟಿ ಅದ, ಇದಕ್ಯಾಕ ಕುಂದರ್ತೀರಿ ಅಂತ. ನಮ್ಮತ್ತಿ ಅಂದ್ಳು, ಕಂಟಿ ಅಲ್ಲೋ ಅದು, ನಮ್ಮ ಹಿತ್ತಲ ಗ್ವಾಡಿ, ಮೊದಲ ನಮ್ಮ ಮನಿ ಕೆಡವು, ಆಮ್ಯಾಲ ಅದಕ್ಕ ಕೈ ಹಚ್ಚು ಅಂತ. ಹೊಳ್ಳಿ ಹೋದ್ರು. ನಿನ್ನಿ ಪಂಚಾಯ್ತಿಯವರೂ ಬಂದು ಇನ್ನ ಅಗ್ಯಾಂಗಿಲ್ಲ ಅಂತ ಬರಕೊಟ್ಟು ಹೋಗ್ಯಾರ್ರಿ."

ನಾನು ಮಾಡಬೇಕೆಂದು ಬಂದ ಕೆಲಸ ಏನೂ ಉಳಿದಿರಲಿಲ್ಲ. ಅವಳು ಚಹಾ ತಂದಳು. ಅಂಗನವಾಡಿಯಲ್ಲಿ ಮಕ್ಕಳು ಪದ್ಯ ಹೇಳುವುದು ಕೇಳುತ್ತಿತ್ತು. ಮರಡಿಯ ಮೇಲೆ ಜೇನುಹುಳಗಳ ಗುಂಯ್ ಎನ್ನುವ ಸದ್ದು ಅಲ್ಲಿಯವರೆಗೂ ಬರುತ್ತಿತ್ತು. ಕೇಳಬಾರದಿತ್ತೇನೋ, ಆದರೂ ಕೇಳಿದೆ.

"ಇಷ್ಟೊಂದು ತಂಗಡಿ ಯಾರವ್ವಾ ಹಚ್ಚಿದ್ದು?"

ಅವಳು ಮೊರದಿಂದ ತಲೆಯೆತ್ತಿ, ಏನೂ ತಿಳಿಯದ ಪೇಟೆಯ ಮುದುಕನಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದಳು. "ತಂಗಡಿ ಯಾರ್ ಹಚ್ತಾರ್ರಿ ಕಾಕಾ? ಅದು ತಾನ ಹುಟ್ಟತದ."

"ಹೌದವ್ವಾ," ಎಂದೆ. ಚಹಾ ತುಂಬ ಚೆನ್ನಾಗಿತ್ತು. ಇನ್ನೊಂದು ಕಪ್ಪು ಕೇಳಿ ಕುಡಿದೆ.